ಮೂಲೆಯ ತುಂಡಿಗೆ ಮೂರು ಸಹಿ

ಒಗೆಯುವ ಮುಂಚೆ ಗಂಡನ ಜೇಬು ತಡಕುವ ಹೆಂಡತಿಯರಿಂದ ಲೋಕಕ್ಕೆ ಆಗಿರುವುದು ಉಪಕಾರವೋ ಅಪಕಾರವೋ, ನನಗಂತೂ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಕಂಡಕ್ಟರನ ಹೆಂಡತಿ ಆ ಭಾನುವಾರ ಬೆಳಿಗ್ಗೆ ಆರೂವರೆಗೆ ಅವನ ಖಾಕಿ ಷರಟಿನ ಜೇಬಿಗೆ ಕೈ ಹಾಕದೆ ಇದ್ದಿದ್ದರೆ, ಪುರಸಭೆಯ ಆ ಲಕೋಟೆ ಸೋಪಿನ ನೀರಿನಲ್ಲಿ ಕರಗಿ ಹೋಗುತ್ತಿತ್ತು. ಕಂಡಕ್ಟರ್ ವಾರಕ್ಕೊಂದು ಸಲ ಬರುವ ರಜೆಯಲ್ಲಿ ಒಂಬತ್ತರ ತನಕ ಗೊರಕೆ ಹೊಡೆಯುತ್ತಿದ್ದ. ಆದರೆ ಆ ಮಹಾತಾಯಿ ಕೈ ಹಾಕಿಯೇಬಿಟ್ಟಳು.

“ಏನ್ರೀ ಇದು? ಒಂಬತ್ತು ದಿನದ ಹಿಂದಿನ ತಾರೀಕಿದೆ, ಒಡೆದೇ ನೋಡಿಲ್ವಲ್ಲ!”

“ಲೈಟ್ ಬಿಲ್ಲಿರಬೇಕು, ಅಲ್ಲಿಡು,” ಎಂದ ಕಂಡಕ್ಟರ್, ಹೊದಿಕೆಯ ಒಳಗಿನಿಂದಲೇ.

“ಲೈಟ್ ಬಿಲ್ಲಲ್ಲಿ ‘ತಪ್ಪಿದಲ್ಲಿ ಸದರಿ ತುಂಡನ್ನು ಹಿಂಪಡೆಯಲಾಗುವುದು’ ಅಂತ ಬರೀತಾರೇನ್ರೀ?”

ಕಂಡಕ್ಟರ್ ಚೇಳು ಕಡಿದವನಂತೆ ಎದ್ದು ಕುಳಿತ. ಕಾಗದ ಕಿತ್ತುಕೊಂಡು ಓದಿದ. ಈ ಭಾನುವಾರ ಸಂಜೆ ಐದು ಗಂಟೆಗೆ ತೋಟದ ಅಧಿಕಾರಿ ತಪಾಸಣೆಗೆ ಬರುತ್ತಾರೆ. ಅಷ್ಟರೊಳಗೆ ತನಗೆ ಕೊಟ್ಟ ತುಂಡಿನಲ್ಲಿ ಅರ್ಧಕ್ಕಾದರೂ ಸಸಿ ನೆಟ್ಟಿರಬೇಕು. ಜೊತೆಗೆ ಅಕ್ಕಪಕ್ಕದ ತುಂಡಿನವರೆಲ್ಲ ‘ಇವರ ಬಗ್ಗೆ ನಮ್ಮ ತಕರಾರಿಲ್ಲ’ ಎಂದು ಲಗತ್ತಿಸಿದ ಹಾಳೆಯ ಮೇಲೆ ಸಹಿ ಹಾಕಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ತುಂಡು ಪಟ್ಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತದೆ.

“ನಾನು ಆವತ್ತೇ ಹೇಳಿದ್ದೆ,” ಎಂದರು ಅಡುಗೆ ಮನೆಯಿಂದ ಅತ್ತೆ. ಅವರು ಏನನ್ನು ಆವತ್ತೇ ಹೇಳಿರಲಿಲ್ಲ ಎಂಬುದನ್ನು ಪತ್ತೆ ಮಾಡಿದವರು ಆ ಮನೆಯಲ್ಲಿ ಇಲ್ಲಿಯವರೆಗೆ ಯಾರೂ ಇಲ್ಲ.

ಈ ತುಂಡಿನ ಸಂಗತಿ ಇಷ್ಟು. ನೀರಿನ ಟ್ಯಾಂಕಿನ ಹಿಂದೆ ಪುರಸಭೆಯ ಒಂದು ಬಯಲಿದೆ. ಅದನ್ನು ನಲವತ್ತು ತುಂಡು ಮಾಡಿ, ಮನೆಯ ಮುಂದೆ ಅಂಗೈಯಗಲ ಮಣ್ಣೂ ಇಲ್ಲದವರು ತರಕಾರಿ ಬೆಳೆದುಕೊಳ್ಳಲಿ ಎಂದು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾರೆ. ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಅದಕ್ಕಾಗಿ ಕಂಡಕ್ಟರ್ ನಾಲ್ಕು ವರ್ಷ ಕಾದಿದ್ದ. ಹೋದ ತಿಂಗಳು ಅವನ ಸರದಿ ಬಂದು ಮೂಲೆಯ ತುಂಡು ಸಿಕ್ಕಿತ್ತು.

ಅವನಿಗೇನು ತರಕಾರಿಯ ಹುಚ್ಚೇ? ರಾಮ ರಾಮಾ! ಮೂಲಂಗಿ ಮರದಲ್ಲಿ ಬಿಡುತ್ತದೆ ಎಂದರೂ ಹೌದೇನೋ ಅನ್ನುವ ಆಸಾಮಿ. ಅವನಿಗೆ ಬೇಕಿದ್ದದ್ದು ಒಂದೇ, ಒಂದಿಷ್ಟು ಮೌನ. ಬಸ್ಸಿನಲ್ಲಿ ದಿನಕ್ಕೆ ಎಂಟು ಗಂಟೆ ಜನ ಅವನ ಕಿವಿಯೊಳಗೇ ಇಳಿದು ಹತ್ತುತ್ತಿದ್ದರು. ಮನೆಗೆ ಬಂದರೆ ಎರಡೇ ಕೋಣೆ. ಒಂದರಲ್ಲಿ ಹೆಂಡತಿ, ಇನ್ನೊಂದರಲ್ಲಿ ಅತ್ತೆ. ಇಬ್ಬರೂ ಕೆಟ್ಟವರಲ್ಲ, ಅನ್ನಬಾರದು. ಆದರೆ ದೇವರು ಇಬ್ಬರ ಬಾಯಿಗೂ ಬ್ರೇಕು ಇಡುವುದನ್ನು ಮರೆತಿದ್ದ. ನಲವತ್ತಾರು ವರ್ಷದ ಬದುಕಿನಲ್ಲಿ ಯಾರೂ ಏನೂ ಹೇಳದ ಒಂದು ಗಂಟೆ ಕಂಡಕ್ಟರನ ಪಾಲಿಗೆ ಬಂದಿರಲಿಲ್ಲ.

ತುಂಡು ಸಿಕ್ಕಿದ ಮೇಲೆ ಬಂತು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಎರಡಕ್ಕೆ ಅಲ್ಲಿಗೆ ಹೋದರೆ, ಆ ಸುಡು ಬಿಸಿಲಿನಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಮೂಲೆಯ ಕಾಂಪೌಂಡಿನ ನೆರಳಿನಲ್ಲಿ ಒಂದು ಕಲ್ಲಿತ್ತು. ಅದರ ಮೇಲೆ ಕೂರುತ್ತಿದ್ದ, ಅಷ್ಟೆ. ಮೊದಲ ದಿನ ತನ್ನ ಉಸಿರಿನ ಸದ್ದು ತನಗೇ ಕೇಳಿಸಿ, ಏನೋ ಕಾಯಿಲೆ ಬಂತೆಂದು ಗಾಬರಿಪಟ್ಟಿದ್ದ. ಆಮೇಲೆ ರೂಢಿಯಾಯಿತು. ಇಪ್ಪತ್ತೊಂಬತ್ತು ದಿನ ಹಾಗೆ ಕೂತ, ಒಂದು ಹುಲ್ಲುಕಡ್ಡಿ ಕೀಳಲಿಲ್ಲ. ಕಳೆ ಮೊಳಕಾಲುದ್ದ ಬೆಳೆಯಿತು. ಈಗ ಆ ಒಂದು ಗಂಟೆಯೂ ಕೈಬಿಟ್ಟು ಹೋಗುವುದರಲ್ಲಿತ್ತು.

ಕೆಳಗಿನ ಮನೆಯ ಗಾರೆ ಕೆಲಸದವನಿಂದ ಗುದ್ದಲಿ ಎರವಲು ತಂದ. “ಹಿಡಿ ಸ್ವಲ್ಪ ಸಡಿಲ, ನೋಡ್ಕಳಿ,” ಎಂದು ಅವನು ಹೇಳಿದ್ದು ಕಂಡಕ್ಟರನ ತಲೆಗೆ ಹೋಗಲಿಲ್ಲ. ದಾರಿಯಲ್ಲಿ ನರ್ಸರಿಯವನ ಹತ್ತಿರ ಮೂವತ್ತು ಟೊಮೇಟೊ ಸಸಿ ಕೊಂಡು, ಒದ್ದೆ ಪೇಪರಿನಲ್ಲಿ ಸುತ್ತಿಸಿಕೊಂಡು, ಎಂಟು ಗಂಟೆಗೆ ತೋಟದ ಗೇಟು ದಾಟಿದ.

ದಾಟಿ ಅಲ್ಲೇ ನಿಂತುಬಿಟ್ಟ. ತನ್ನ ಮೌನದ ಬಯಲಿನಲ್ಲಿ ಜಾತ್ರೆಯಷ್ಟು ಜನ! ಭಾನುವಾರ ಬೆಳಿಗ್ಗೆ ಅವನು ಇಲ್ಲಿಗೆ ಬಂದದ್ದು ಇದೇ ಮೊದಲು. ನಲವತ್ತು ತುಂಡಿನಲ್ಲೂ ಜನ, ಪ್ರತಿಯೊಬ್ಬರೂ ಪಕ್ಕದವರ ಮಣ್ಣು ನೋಡುತ್ತ ಮಾತಾಡುತ್ತಿದ್ದರು.

ಮೂಲೆಯ ತುಂಡಿಗೆ ಎರಡು ಕಡೆ ಕಾಂಪೌಂಡು; ಎಡಕ್ಕೊಬ್ಬರು, ಹಿಂದಕ್ಕೊಬ್ಬರು, ಓರೆಯಲ್ಲೊಬ್ಬರು, ಒಟ್ಟು ಮೂರು ಜನ. ಹಾಗಾಗಿ ಬೇಕಿದ್ದದ್ದು ಮೂರು ಸಹಿ. ಎಡಗಡೆಯವರು ಮೂವತ್ತೈದು ವರ್ಷ ರೈಲು ಓಡಿಸಿ ನಿವೃತ್ತರಾದ ಹಿರಿಯರು, ಎಲ್ಲರ ಬಾಯಲ್ಲಿ ರೈಲಜ್ಜ. ಅವರ ಬೀನ್ಸ್ ಸಾಲುಗಳು ಹಳಿ ಹಾಕಿದಷ್ಟು ನೇರ.

“ಏನಯ್ಯಾ, ನೀನೇನಾ ಈ ಕಾಡಿನ ಯಜಮಾನ? ನಿನ್ನ ಹುಲ್ಲಿನ ಬೀಜವೆಲ್ಲ ನನ್ನ ಸಾಲಿಗೆ ಬೀಳ್ತಿದೆ.”

ಕಂಡಕ್ಟರ್ ಕೈ ಮುಗಿದು ಹಾಳೆ ತೋರಿಸಿದ. “ಅಜ್ಜ, ದಯವಿಟ್ಟು ಒಂದು ಸಹಿ...”

“ಹಾಕ್ತೀನಿ, ಯಾಕೆ ಹಾಕಲ್ಲ? ಮೊದಲು ಅಗಿ. ಎರಡಡಿ ಆಳ. ಅಡಿ ಮಣ್ಣು ಮೇಲೆ ಬರಬೇಕು, ಮೇಲಿನ ಮಣ್ಣು ಅಡಿಗೆ ಹೋಗಬೇಕು. ಆಮೇಲೆ ದಾರ ಹಿಡಿದು ಸಾಲು ಹೊಡಿ. ನಾನು ಹೇಳಿದ ಹಾಗೆ ಅಗೆದ್ರೆ ಸಹಿ.” ರೈಲಜ್ಜ ದನಿ ತಗ್ಗಿಸಿದರು. “ಇನ್ನೊಂದು ಮಾತು. ಆ ಕಡೆ ಟೈಲರಮ್ಮ ಇದ್ದಾಳೆ, ಈ ಕಡೆ ಆ ಮಾತ್ರೆ ಅಂಗಡಿಯವನು. ಅವರಿಬ್ಬರಿಗೂ ತಲೆ ಸರಿ ಇಲ್ಲ. ಅವರ ಸಹಿ ಇರೋ ಕಾಗದದ ಮೇಲೆ ನನ್ನ ಸಹಿ ಬಿದ್ದದ್ದು ಇಲ್ಲ, ಬೀಳೋದೂ ಇಲ್ಲ.”

“ಹಾಗಾದ್ರೆ ನೀವೇ ಮೊದಲು ಹಾಕಿಬಿಡಿ ಅಜ್ಜ.”

“ಅಗೆದ ಮೇಲೆ.”

ಕಂಡಕ್ಟರ್ ಅಗೆದ. ಅಯ್ಯೋ, ಆ ಅಗೆತವನ್ನು ಏನೆಂದು ಹೇಳಲಿ! ಜೀವನದಲ್ಲಿ ಅವನು ಎತ್ತಿದ ಅತಿ ಭಾರದ ವಸ್ತುವೆಂದರೆ ಟಿಕೆಟ್ ಮೆಷಿನ್ನು. ಹತ್ತು ಏಟಿಗೆ ಸೊಂಟ ಹಿಡಿಯಿತು, ಇಪ್ಪತ್ತಕ್ಕೆ ಅಂಗೈ ಬೊಬ್ಬೆ ಎದ್ದಿತು. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ ರೈಲಜ್ಜ “ಎಡಕ್ಕೆ ವಾಲ್ತಿದೆ, ಎಡಕ್ಕೆ!” ಎಂದು ಕೂಗುತ್ತಲೇ ಇದ್ದರು. ಎರಡೂವರೆ ಗಂಟೆ ಕಳೆದ ಮೇಲೆ ತುಂಡಿನ ಅರ್ಧ ಭಾಗ ಯಾರೋ ನಿಧಿ ಹುಡುಕಿ ಹೋದ ಜಾಗದಂತೆ ಕಾಣುತ್ತಿತ್ತು. “ಪರವಾಗಿಲ್ಲ, ಸ್ನಾನ ಊಟ ಮುಗಿಸಿ ಎರಡಕ್ಕೆ ಬರ್ತೀನಿ. ಬಂದು ನೋಡಿ ಸಹಿ ಹಾಕ್ತೀನಿ,” ಎಂದು ಅಜ್ಜ ಸ್ಟೂಲು ಮಡಚಿಕೊಂಡು ಹೊರಟರು.

ಅವರು ಗೇಟು ದಾಟಿದ್ದೇ ತಡ, ಹುಮ್ಮಸ್ಸಿನಲ್ಲಿ ಕಂಡಕ್ಟರ್ ಗುದ್ದಲಿಯನ್ನು ತಲೆಯ ಮೇಲಿಂದ ಬೀಸಿದ. ಹಿಡಿ ಕೈಯಲ್ಲೇ ಉಳಿಯಿತು. ಗುದ್ದಲಿ ಮಾತ್ರ ಹಾರಿ ಹೋಗಿ ಹಿಂದಿನ ತುಂಡಿನ ಬದನೆ ಗಿಡದ ಮೇಲೆ ಬಿತ್ತು. ಗಿಡದ ಪಕ್ಕದಲ್ಲಿದ್ದ ಹೆಂಗಸು “ಅಮ್ಮಾ!” ಎಂದು ಕಿರುಚಿದಳು.

ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ತೋಟಕ್ಕೆ ಬರುವ ಹೆಂಗಸು ಅವಳೊಬ್ಬಳೇ. ಗಿಡದಿಂದ ಗಿಡಕ್ಕೆ ಎಷ್ಟು ಇಂಚು ಎಂದು ಅಳೆದೇ ನೆಡುವವಳು. ಟೈಲರಕ್ಕ ಎಂದರೆ ತೋಟಕ್ಕೆಲ್ಲ ಗೊತ್ತು. ಮುರಿದ ಬದನೆ ಗಿಡವನ್ನು ಕೈಯಲ್ಲಿ ಹಿಡಿದು ಬಂದಳು.

“ಅಣ್ಣಾ, ಇದಕ್ಕೆ ನಾಲ್ಕು ಹೂ ಬಿಟ್ಟಿತ್ತು.”

“ತಪ್ಪಾಯ್ತು ತಾಯಿ, ಕಾಲಿಗೆ ಬೀಳ್ತೀನಿ.”

“ಕಾಲಿಗೆ ಬೀಳೋದು ಹಾಗಿರ್ಲಿ. ಇದೇನು ಮಾಡಿಟ್ಟಿದ್ದೀರಿ ಇಲ್ಲಿ? ಅಗೆದಿದ್ದೀರಾ!” ಬದನೆ ಗಿಡದ ದುಃಖ ಮರೆತು ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. “ಎರೆಹುಳು ಎಲ್ಲ ತುಂಡಾಗಿದೆ ನೋಡಿ. ಆ ಮುದುಕ ಹೇಳಿಕೊಟ್ನಾ? ಮಣ್ಣು ಅಂದ್ರೆ ಹೊಲಿದ ಬಟ್ಟೆ ಇದ್ದ ಹಾಗೆ ಅಣ್ಣಾ. ಹೊಲಿಗೆ ಬಿಚ್ಚಿ ನೋಡ್ತಾರಾ ಯಾರಾದ್ರೂ? ಮುಚ್ಚಿ. ಎಲ್ಲ ಮುಚ್ಚಿ, ಮೇಲೆ ಬಟ್ಟೆ ಚೂರು ಹಾಸಿ, ನೀರು ಕೊಡಿ. ಬಟ್ಟೆ ನಾನು ಕೊಡ್ತೀನಿ, ಅಂಗಡಿದು ಎರಡು ಮೂಟೆ ಇದೆ.”

“ಹಾಗೆ ಮಾಡಿದ್ರೆ ಒಂದು ಸಹಿ...”

“ಮಾಡಿದ್ರೆ ಹಾಕ್ತೀನಿ. ಆದ್ರೆ ಆ ಮುದುಕನ ಸಹಿ ಇರೋ ಕಾಗದ ನನ್ನ ಹತ್ರ ತರಬೇಡಿ. ಆ ಮಾತ್ರೆ ಅಂಗಡಿ ಡೋಸಪ್ಪನದು ಇದ್ರಂತೂ ತರಲೇಬೇಡಿ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಆ ಗಾಡಿಯ ಮೇಲೆ ಕೂತವನ ಪಾಡು ಯಾರೂ ಹೇಳುವುದಿಲ್ಲ. ಕಂಡಕ್ಟರ್ ಆ ಪಾಡು ಪಟ್ಟ. ಎರಡೂವರೆ ಗಂಟೆ ಅಗೆದದ್ದನ್ನು ಕೈಯಿಂದ, ಕಾಲಿನಿಂದ, ಹಿಡಿ ಇಲ್ಲದ ಗುದ್ದಲಿಯಿಂದ ಒಂದು ಗಂಟೆಯಲ್ಲಿ ಮುಚ್ಚಿದ. ಮೇಲೆ ಬಟ್ಟೆ ಚೂರು ಹಾಸಿದ. ಕೆಂಪು, ಹಳದಿ, ಚುಕ್ಕಿ ಚುಕ್ಕಿ; ತುಂಡು ಈಗ ತೇಪೆ ಹಾಕಿದ ಕೌದಿಯ ಹಾಗೆ ಆಯಿತು. ರೈಲಜ್ಜ ಬಂದರೆ ಏನು ಹೇಳುವುದು? ‘ಅಡಿಯಲ್ಲಿ ಅಗೆದಿದೆ ಅಜ್ಜ, ಕಾಣ್ತಿಲ್ಲ ಅಷ್ಟೆ,’ ಎಂದು ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡ.

ಫೋನು ಹೊಡೆದುಕೊಂಡಿತು. ಹೆಂಡತಿ.

“ರೀ, ನೆಟ್ಟಾಯ್ತಾ? ಅಮ್ಮ ಕೇಳ್ತಿದ್ದಾರೆ, ಶುಕ್ರವಾರಕ್ಕೆ ಒಂದು ಕಿಲೋ ಟೊಮೇಟೊ ಸಿಗುತ್ತಾ ಅಂತ.”

“ಸಸಿ ಇನ್ನೂ ಪೇಪರ್‌ನಲ್ಲೇ ಇದೆ ಮಾರಾಯ್ತಿ!”

“ಹಾಗಾದ್ರೆ ಶನಿವಾರಕ್ಕೆ? ... ಅಮ್ಮ ಹೇಳ್ತಿದ್ದಾರೆ, ಸಸಿಗೆ ಬಾಯಿ ಮಾಡಬಾರದಂತೆ, ಬೇಜಾರು ಮಾಡ್ಕೊಳ್ತವಂತೆ.”

ಟೈಲರಕ್ಕ ಹಾಸಿದ ಬಟ್ಟೆಯನ್ನು ಟೇಪಿನಿಂದ ಅಳೆದು, ಸಮಾಧಾನಪಟ್ಟುಕೊಂಡಳು. ಕಂಡಕ್ಟರ್ ಹಾಳೆ ಚಾಚಿದ. ಅಷ್ಟರಲ್ಲಿ ಯಾರೋ ಮದುವೆ ರವಿಕೆಯ ಗಿರಾಕಿ ಗೇಟಿನ ಹತ್ತಿರ ಬಂದು ಕೂಗಿದರು. “ಬಂದೆ, ಎರಡು ಗಂಟೆಗೆ ವಾಪಸ್ ಬರ್ತೀನಿ, ಆಗ ಹಾಕ್ತೀನಿ ಅಣ್ಣಾ!” ಎಂದು ಓಡಿದಳು. ಬಾಯಿಗೆ ಬಂದ ತುತ್ತು ಇಂತಹ ಗಿರಾಕಿಗಳಿಂದಲೇ ಜಾರುವುದು.

ಹನ್ನೆರಡೂವರೆಗೆ ಮೂರನೆಯವರು ಬಂದರು. ಔಷಧಿ ಅಂಗಡಿ ಇಟ್ಟವರು, ಭಾನುವಾರ ಅರ್ಧ ದಿನ ಬಾಗಿಲು ಹಾಕಿ ನೇರವಾಗಿ ಹಸಿಮೆಣಸಿನ ಗಿಡಗಳ ಹತ್ತಿರ ಬರುವವರು. ಗಿಡಕ್ಕೂ ಮನುಷ್ಯನಿಗೂ ಭೇದ ಮಾಡದೆ ಎಲ್ಲದಕ್ಕೂ ಡೋಸು ಬರೆಯುತ್ತಾರೆಂದು ಜನ ಡೋಸಪ್ಪ ಅಂತಲೇ ಕರೆಯುತ್ತಿದ್ದರು, ಎದುರಿಗಲ್ಲ.

ಡೋಸಪ್ಪ ಕನ್ನಡಕ ಏರಿಸಿ, ಬಟ್ಟೆಯ ಒಂದು ಚೂರನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. “ಯಾವಾಗಿನಿಂದ ಹೀಗಿದೆ?”

“ಒಂದು ಗಂಟೆಯಿಂದ ಸಾರ್.”

“ಬಣ್ಣದ ಬಟ್ಟೆ. ವಿಷ ಇಳಿಯುತ್ತೆ. ಮಣ್ಣಿಗೆ ಉಸಿರಾಡೋಕೆ ಬಿಡ್ತಿಲ್ಲ ನೀವು. ತೆಗೀರಿ ಎಲ್ಲಾನೂ.” ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು. ಮುಖ ಗಂಭೀರವಾಯಿತು. “ಶಕ್ತಿ ಇಲ್ಲ. ಪೂರ್ತಿ ಬಡಕಲು. ಹೀಗೇ ನೆಟ್ರೆ ಉಳಿಯಲ್ಲ.”

ಆಸ್ಪತ್ರೆಯ ವರಾಂಡದಲ್ಲಿ ನಿಂತವನಂತೆ ಕಂಡಕ್ಟರ್ ಕೈ ಕಟ್ಟಿಕೊಂಡ. ಡೋಸಪ್ಪ ಚೀಲದಿಂದ ಒಂದು ಬಾಟಲಿ ತೆಗೆದರು. ಮೂರು ತಿಂಗಳು ಕೊಳೆಸಿದ ಸೊಪ್ಪಿನ ರಸ, ಸ್ವಂತ ತಯಾರಿಕೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ. ಈಗೊಂದು ಸಲ, ಒಂದು ಗಂಟೆ ಬಿಟ್ಟು ಇನ್ನೊಂದು ಸಲ. “ಎರಡು ಡೋಸು ಮುಗೀಲಿ, ಸಹಿ ಹಾಕ್ತೀನಿ. ಆದರೆ ಆ ಡ್ರೈವರು, ಆ ಟೈಲರು, ಇಬ್ಬರದ್ದೂ ಸಹಿ ಇಲ್ಲದ ಹಾಳೆ ತನ್ನಿ. ನನಗೂ ಒಂದು ಮರ್ಯಾದೆ ಇದೆ.”

ಬಟ್ಟೆ ತೆಗೆದು ಒಂದು ಮೂಲೆಗೆ ಗುಡ್ಡೆ ಹಾಕುವಷ್ಟರಲ್ಲಿ ಒಂದೂಕಾಲು. ಎರಡಕ್ಕೆ ಅಜ್ಜ, ಎರಡಕ್ಕೆ ಅಕ್ಕ. ನಡುವೆ ಒಂದು ಗಂಟೆ ಅಂತರ ಬೇಕೆನ್ನುವ ಎರಡು ಡೋಸು! ಡೋಸಪ್ಪ ತಮ್ಮ ಮೆಣಸಿನ ಗಿಡದ ಕಡೆ ತಿರುಗಿದಾಗ ಕಂಡಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಎಲ್ಲ ಡೋಸೂ ಒಟ್ಟಿಗೆ ಕೊಟ್ಟರೆ ಬೇಗ ಗುಣವಾಗಬಹುದು. ಬಾಟಲಿಯನ್ನು ಹಾಗೇ ಮಣ್ಣಿನ ಮೇಲೆ ಬೋರಲು ಹಾಕಿದ. ಪೈಪು ತಂದು ನಲ್ಲಿ ಪೂರ್ತಿ ತಿರುಗಿಸಿದ.

ಆಗ ಎದ್ದ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಓದುವವರು ಊಟಕ್ಕೆ ಕೂತಿರಬಹುದು. ಐದಾರು ತುಂಡಿನ ಜನ ಸೆರಗು, ಟವಲು ಮೂಗಿಗೆ ಹಿಡಿದು ಎದ್ದು ನಿಂತರು. ಕಂಡಕ್ಟರ್ ನಲ್ಲಿ ನಿಲ್ಲಿಸಲು ಓಡಿದ, ಗಾಬರಿಯಲ್ಲಿ ತಪ್ಪು ಕಡೆಗೆ ತಿರುಗಿಸಿದ, ನಲ್ಲಿಯ ತಲೆ ಕಳಚಿ ಕೈಗೆ ಬಂತು. ಬೆಳಿಗ್ಗೆ ಅಗೆದು ಮುಚ್ಚಿದ ಮಣ್ಣು ಬೇರೆ ಸಡಿಲವಾಗಿತ್ತು. ಹತ್ತು ನಿಮಿಷದಲ್ಲಿ ಮೂಲೆಯ ತುಂಡು ಎಮ್ಮೆ ಹೊರಳುವ ಹೊಂಡವಾಯಿತು.

ಸರಿಯಾಗಿ ಎರಡು ಗಂಟೆ. ಸ್ಟೂಲು ಹಿಡಿದ ರೈಲಜ್ಜ, ಟೇಪು ಹಾಕಿದ ಟೈಲರಕ್ಕ, ಕನ್ನಡಕದ ಡೋಸಪ್ಪ ಮೂರು ಕಡೆಯಿಂದ ಬಂದು ಕೆಸರಿನ ಅಂಚಿನಲ್ಲಿ ನಿಂತರು. ಕೆಸರಿನ ನಡುವೆ ಮೊಳಕಾಲ ತನಕ ಹೂತು, ಕೈಯಲ್ಲಿ ನಲ್ಲಿಯ ತಲೆ ಹಿಡಿದು ಕಂಡಕ್ಟರ್ ನಿಂತಿದ್ದ.

“ನನ್ನ ಅಗೆತ ಎಲ್ಲಯ್ಯಾ?”

“ನನ್ನ ಬಟ್ಟೆ ಎಲ್ಲಣ್ಣಾ?”

“ಒಂದು ಮುಚ್ಚಳ ಅಂದಿದ್ದೆನಲ್ರೀ!”

“ಅದು... ಮಾಡಿದ್ದೆ... ಒಂದು ರೀತಿಯಲ್ಲಿ ಎಲ್ಲಾನೂ ಇದೆ ಅಡಿಯಲ್ಲಿ,” ಎಂದು ಕಂಡಕ್ಟರ್ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಯಾರಿಗೂ ಬೆಳಕು ಸಿಗಲಿಲ್ಲ.

“ಅಂದ್ರೆ ಇವಳ ಮಾತು ಕೇಳಿ ಮುಚ್ಚಿದೆ!” ಎಂದರು ರೈಲಜ್ಜ. “ಈ ಮುದುಕನ ಮಾತು ಕೇಳಿದ್ದಕ್ಕೇ ಹೀಗೆ ಕೆಸರಾಗಿದ್ದು!” ಎಂದಳು ಟೈಲರಕ್ಕ. “ಇಬ್ಬರೂ ಸೇರಿ ಮಣ್ಣು ಕೊಂದಿದ್ದೀರಿ, ನನ್ನ ಔಷಧಿ ಏನು ಮಾಡುತ್ತೆ?” ಎಂದರು ಡೋಸಪ್ಪ. ಆಮೇಲೆ ಹಳೆಯದೆಲ್ಲ ಮೇಲೆ ಬಂತು. ಐದು ವರ್ಷದ ಹಿಂದೆ ಯಾರ ಕುಂಬಳದ ಬಳ್ಳಿ ಯಾರ ಕಡೆ ಹಬ್ಬಿತ್ತು, ಆ ಕಾಯಿ ಯಾರು ಕೊಯ್ದರು, ಯಾರ ನೀರಿನ ಪಾಳಿಯಲ್ಲಿ ಯಾರು ಕೈ ಕಾಲು ತೊಳೆದರು. ಒಂದೂವರೆ ಗಂಟೆ! ನಡುನಡುವೆ ಮೂವರೂ ಒಬ್ಬೊಬ್ಬರಾಗಿ ಕಂಡಕ್ಟರನ ಕಡೆ ತಿರುಗಿ “ನೀವೇ ಹೇಳಿ, ಯಾರದ್ದು ಸರಿ?” ಎನ್ನುತ್ತಿದ್ದರು. ಯಾರದ್ದು ಎಂದರೂ ಎರಡು ಸಹಿ ಹೋಗುತ್ತಿತ್ತು. ಅವನು ನಲ್ಲಿಯ ತಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನೀರನ್ನು ಯಾರೋ ಪುಣ್ಯಾತ್ಮರು ಟ್ಯಾಂಕಿನ ಹತ್ತಿರವೇ ನಿಲ್ಲಿಸಿ ಬಂದಿದ್ದರು.

ಮೂರೂವರೆ ದಾಟಿತ್ತು. ಟೈಲರಕ್ಕನಿಗೆ ಜೋರಾಗಿ ಉತ್ತರ ಕೊಡಲು ಒಂದು ಹೆಜ್ಜೆ ಮುಂದೆ ಬಂದ ರೈಲಜ್ಜನ ಚಪ್ಪಲಿ ಏನೋ ಮೆತ್ತಗಿನದರ ಮೇಲೆ ಬಿತ್ತು. ಒದ್ದೆ ಪೇಪರಿನ ಕಟ್ಟು. ಮೂವತ್ತು ಟೊಮೇಟೊ ಸಸಿ ಚಟ್ನಿಯಾಗಿತ್ತು.

ಕಂಡಕ್ಟರ್ ಬಗ್ಗಿ ಅದನ್ನು ಎತ್ತಿಕೊಂಡ. ಬಿಚ್ಚಿ ನೋಡಿದ. ಆಮೇಲೆ ಇದ್ದಕ್ಕಿದ್ದ ಹಾಗೆ ಕಿರುಚಿದ.

“ಬೇಡ! ನನಗೆ ಟೊಮೇಟೊ ಬೇಡ, ಬದನೆ ಬೇಡ, ಯಾವ ಸುಡುಗಾಡು ತರಕಾರೀನೂ ಬೇಡ! ಈ ಮಣ್ಣಲ್ಲಿ ಏನು ಬೆಳೆದ್ರೆ ನನಗೇನು, ಬಿಟ್ರೆ ನನಗೇನು! ನಾನು ಇಲ್ಲಿಗೆ ಬರ್ತಿದ್ದದ್ದು ಸುಮ್ಮನೆ ಕೂರೋದಕ್ಕೆ. ಒಂದು ಗಂಟೆ, ಬರೀ ಒಂದು ಗಂಟೆ ಸುಮ್ಮನೆ! ಬಸ್ಸಲ್ಲಿ ಮಾತು, ಮನೇಲಿ ಮಾತು. ಇಡೀ ಊರಲ್ಲಿ ನನಗೆ ಅಂತ ಇದ್ದದ್ದು ಈ ಒಂದು ಮೂಲೆ. ನಾಲ್ಕು ವರ್ಷ ಕಾದೆ ಕಣ್ರೀ ಇದಕ್ಕೆ. ಇವತ್ತು ಇದೂ ಹೋಯ್ತು. ಇನ್ನು ನಾನೆಲ್ಲಿಗೆ ಹೋಗಲಿ, ನೀವೇ ಹೇಳಿ, ಎಲ್ಲಿಗೆ ಹೋಗಲಿ?”

ಮಾತು ಮುಗಿಯುವ ಹೊತ್ತಿಗೆ ಅವನು ಅಳುತ್ತಿದ್ದ. ಒಂದಿಷ್ಟೂ ಮರೆಮಾಚದೆ, ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡು, ಮಗುವಿನ ಹಾಗೆ ಅಳುತ್ತಿದ್ದ. ಸುತ್ತಲಿನ ತುಂಡಿನವರೂ ಗಪ್ಪಾದರು.

ಕೊನೆಗೆ ರೈಲಜ್ಜ ಗಂಟಲು ಸರಿಮಾಡಿಕೊಂಡರು.

“ಪಾಪ. ಇವನಿಗೆ ಏನೂ ಗೊತ್ತಿಲ್ಲ.”

“ಏನೇನೂ ಗೊತ್ತಿಲ್ಲ,” ಎಂದಳು ಟೈಲರಕ್ಕ, ಮೂಗೊರೆಸಿಕೊಂಡು.

“ಗೊತ್ತಾಗೋ ಲಕ್ಷಣಾನೂ ಇಲ್ಲ,” ಎಂದರು ಡೋಸಪ್ಪ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ನಡುವೆ ಒಂದು ವಿಷಯದಲ್ಲಿ ಒಮ್ಮತ ಬಂದುಬಿಟ್ಟಿತ್ತು. ಅದರ ಬಿಸಿ ಆರುವ ಮುಂಚೆಯೇ ರೈಲಜ್ಜ ಹಾಳೆ ಎಳೆದುಕೊಂಡು ಸಹಿ ಹಾಕಿದರು. ಅದರ ಕೆಳಗೆ ಟೈಲರಕ್ಕ, ಅದರ ಕೆಳಗೆ ಡೋಸಪ್ಪ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಜ್ಜ ತಮ್ಮ ಕಡೆಯಿಂದ ಬೀನ್ಸ್ ಸಸಿ ತಂದರು, ಅಕ್ಕ ಬದನೆ ತಂದಳು, ಡೋಸಪ್ಪ ಮೆಣಸು ತಂದರು. “ನೀವು ಕೂತ್ಕೊಳ್ಳಿ ಅಣ್ಣಾ, ದಯವಿಟ್ಟು ಏನೂ ಮುಟ್ಟಬೇಡಿ,” ಎಂದು ಟೈಲರಕ್ಕ ಅವನನ್ನು ಕಲ್ಲಿನ ಮೇಲೆ ಕೂರಿಸಿದಳು. ಕೆಸರಿಗೆ ಒಣ ಮಣ್ಣು ಬಿತ್ತು, ಏರಿ ಎದ್ದಿತು, ಸಸಿಗಳು ನಿಂತವು. ಅವನ ಅಳುವಿಗೆ ಹೆದರಿದ ಮೂವರೂ ಒಂದು ಮಾತಿಲ್ಲದೆ ಕೆಲಸ ಮಾಡಿದರು. ಮುಕ್ಕಾಲು ಗಂಟೆ ಕಂಡಕ್ಟರ್ ಆ ನೆರಳಿನಲ್ಲಿ ಕೂತು ಮಣ್ಣು ತಟ್ಟುವ ಸದ್ದು ಕೇಳಿದ. ಇನ್ನು ಮೇಲೆ ದಿನಾ ಎರಡು ಗಂಟೆಗೆ ಹೀಗೇ ಎಂದುಕೊಂಡಾಗ ಅವನಿಗೆ ಇನ್ನೊಂದು ಸಲ ಕಣ್ಣು ತುಂಬಿ ಬಂತು.

ಐದು ಗಂಟೆಗೆ ತೋಟದ ಅಧಿಕಾರಿ ಬಂದರು. ಬಡಕಲು ಮನುಷ್ಯ, ಕಣ್ಣ ಕೆಳಗೆ ಕಪ್ಪು, ಹೆಗಲಲ್ಲಿ ಅರ್ಜಿಗಳಿಂದ ಉಬ್ಬಿದ ಚೀಲ. ಸಸಿಗಳ ಕಡೆ ಒಂದು ನೋಟ ಹಾಕಿ, “ಹ್ಞೂಂ, ಆಗಿದೆ. ಸಹಿ?” ಎಂದು ಕೈ ಚಾಚಿದರು. ಹಾಳೆ ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

“ಅಜ್ಜಾ, ಇದು ನಿಮ್ಮ ಸಹೀನೇನಾ?”

“ನಂದೇ.”

“ಇದು ನಿಮ್ಮದೇನಮ್ಮಾ? ಇದು ನಿಮ್ಮದಾ ಸಾರ್? ಯಾರೂ ಬಲವಂತ ಮಾಡಿಲ್ಲ ತಾನೇ?”

ಇಲ್ಲ, ಇಲ್ಲ ಎಂದು ಮೂವರೂ ತಲೆ ಅಲ್ಲಾಡಿಸಿದರು. ಅಧಿಕಾರಿ ಕಂಡಕ್ಟರನ ಎರಡೂ ಕೆಸರು ಕೈಗಳನ್ನು ಹಿಡಿದುಕೊಂಡರು.

“ಎಂಟು ವರ್ಷ ಕಣ್ರೀ! ಈ ತೋಟಕ್ಕೆ ಒಬ್ಬ ಕಾರ್ಯದರ್ಶಿ ಇಲ್ಲದೆ ಎಂಟು ವರ್ಷ. ಯಾರ ಹೆಸರು ತಂದರೂ ಈ ಮೂವರಲ್ಲಿ ಇಬ್ಬರು ಬೇಡ ಅಂತಾರೆ. ನಲವತ್ತು ತುಂಡಿನವರ ದೂರೂ ನನ್ನ ಮೇಜಿಗೇ ಬಂದು ಬೀಳುತ್ತೆ. ನನಗೆ ನಿದ್ದೆ ಇಲ್ಲ, ಊಟ ಸೇರಲ್ಲ. ಇವತ್ತು ಒಬ್ಬ ಮನುಷ್ಯ ಸಿಕ್ಕಿದ, ಮೂವರೂ ಒಪ್ಪಿದ ಮನುಷ್ಯ! ಏನಂತೀರಿ, ಇವರನ್ನೇ ಮಾಡೋಣವಾ?”

“ಮಾಡಿ,” ಎಂದರು ರೈಲಜ್ಜ. “ಇವನಿಗೆ ಏನೂ ಗೊತ್ತಿಲ್ಲ. ಯಾರ ಪಕ್ಷಾನೂ ಹಿಡಿಯಲ್ಲ.”

“ಒಳ್ಳೇದು,” ಎಂದಳು ಟೈಲರಕ್ಕ. “ಸರಿಯಾದ ಮದ್ದು,” ಎಂದರು ಡೋಸಪ್ಪ.

ಕಂಡಕ್ಟರ್ ಕೈ ಬಿಡಿಸಿಕೊಂಡ. “ಸಾರ್, ನನಗೆ ಅದೆಲ್ಲ ಬೇಡ ಸಾರ್. ನನಗೆ ನನ್ನ ತುಂಡೊಂದು ಸಾಕು.”

“ತುಂಡಾ? ಅಯ್ಯೋ, ಕಾರ್ಯದರ್ಶಿಗೆ ತುಂಡು ಇರೋ ಹಾಗಿಲ್ಲ. ನೀರಿನ ಪಾಳಿ ಹಂಚೋನಿಗೇ ತುಂಡಿದ್ದರೆ ನೀರೆಲ್ಲ ಅಲ್ಲಿಗೇ ಹರಿಯುತ್ತೆ ಅಂತ ನಿಯಮ. ಈ ತುಂಡನ್ನ ಪಟ್ಟಿಯಲ್ಲಿರೋ ಮುಂದಿನವರಿಗೆ ನಾಳೇನೇ ಕೊಡ್ತೀನಿ, ಆ ಚಿಂತೆ ನಿಮಗೆ ಬೇಡ.”

“ಹಾಗಾದ್ರೆ ನಾನು ಕಾರ್ಯದರ್ಶಿ ಆಗಲ್ಲ!”

“ಆಗಲ್ವಾ?” ರೈಲಜ್ಜನ ಹುಬ್ಬು ಮೇಲೇರಿತು. “ನಾವು ಮೂರು ಜನ ಒಂದೇ ಮಾತು ಹೇಳಿದ್ದೀವಿ. ನಮ್ಮ ಮಾತಿಗೆ ಬೆಲೆ ಇಲ್ವಾ? ಹಾಗಾದ್ರೆ ನನ್ನ ಸಹಿ ವಾಪಸ್.”

“ನಂದೂ ವಾಪಸ್!”

“ನಂದೂ!”

ಅಧಿಕಾರಿ ಕಂಡಕ್ಟರನ ಕಿವಿಯ ಹತ್ತಿರ ಬಗ್ಗಿದರು. “ಸಹಿ ಹೋದರೂ ತುಂಡು ಹೋಗುತ್ತೆ ಸ್ವಾಮಿ. ಒಪ್ಪಿಕೊಂಡ್ರೆ, ಕಾರ್ಯದರ್ಶಿಯ ಮೂರು ವರ್ಷದ ಅವಧಿ ಮುಗಿದ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರನ್ನೇ ಮೊದಲು ಬರೀತೀನಿ.”

ಇನ್ನೂ ಮೂರು ವರ್ಷ. ಕಂಡಕ್ಟರ್ ಸಾಲಾಗಿ ನಿಂತ ಬೀನ್ಸ್, ಬದನೆ, ಮೆಣಸಿನ ಸಸಿಗಳನ್ನು ನೋಡಿದ, ನೆರಳಿನ ಕಲ್ಲನ್ನು ನೋಡಿದ, ಹೌದೆಂದು ತಲೆ ಆಡಿಸಿದ. ಬೇರೆ ದಾರಿ ನಿಮಗೇನಾದರೂ ಹೊಳೆದರೆ ಹೇಳಿ, ನನಗಂತೂ ಹೊಳೆಯುತ್ತಿಲ್ಲ.

ಅಧಿಕಾರಿಯ ಉತ್ಸಾಹಕ್ಕೆ ಮಿತಿ ಇರಲಿಲ್ಲ. ತೋಟದ ನಟ್ಟನಡುವೆ ಇದ್ದ ತಗಡಿನ ಶೆಡ್ಡಿನ ಬೀಗ ತೆಗೆಸಿದರು. ಒಳಗೆ ಒಂದು ಮೇಜು, ಒಂದು ಕುರ್ಚಿ, ಗೋಡೆ ತುಂಬ ಜೇಡರ ಬಲೆ. ಹೆಗಲ ಚೀಲವನ್ನು ಮೇಜಿನ ಮೇಲೆ ಸುರಿದರು. ಎಂಟು ವರ್ಷದ ದೂರು. ಅದರ ಮೇಲೆ ಒಂದು ದಪ್ಪ ಖಾಲಿ ರಿಜಿಸ್ಟರ್ ಇಟ್ಟರು.

“ದಿನಾ ಎರಡರಿಂದ ಐದು. ಎಲ್ಲರ ಮಾತೂ ಸಮಾಧಾನವಾಗಿ ಕೇಳಿ, ಬರೆದುಕೊಳ್ಳಿ. ಅಷ್ಟೇ ಕೆಲಸ.”

ಕಂಡಕ್ಟರ್ ಬಾಗಿಲಿನ ಕಡೆ ನೋಡಿ ಸಣ್ಣ ದನಿಯಲ್ಲಿ ಕೇಳಿದ. “ಸಾರ್, ಇದಕ್ಕೆ ಒಳಗಿನಿಂದ ಚಿಲಕ ಇದೆಯಾ?”

“ಚಿಲಕ ಯಾಕೆ? ನಾಳೆ ಬಾಗಿಲೇ ಕಳಚಿಸಿಬಿಡ್ತೀನಿ. ಕಾರ್ಯದರ್ಶಿ ಅಂದ ಮೇಲೆ ಜನಕ್ಕೆ ಯಾವಾಗಲೂ ಸಿಗಬೇಕು ನೋಡಿ.”

ಖಾಲಿ ಚೀಲವನ್ನು ಬೀಸುತ್ತ, ಏನೋ ಹಾಡು ಗುನುಗುತ್ತ ಅಧಿಕಾರಿ ಗೇಟಿನ ಕಡೆ ನಡೆದರು. ಸುದ್ದಿ ಆಗಲೇ ಹಬ್ಬಿತ್ತು. ಶೆಡ್ಡಿನ ಮುಂದೆ ಮೂವತ್ತು ಜನ ನಿಂತಿದ್ದರು. ಎಲ್ಲರಿಗಿಂತ ಮುಂದೆ ಆ ಮೂವರು. ಮೊದಲ ದೂರು ಯಾರದ್ದು ಎಂಬ ಜಗಳ ಶುರುವಾಗಿತ್ತು.

ಕಂಡಕ್ಟರ್ ಕುರ್ಚಿಯ ಮೇಲೆ ಕುಸಿದು, ರಿಜಿಸ್ಟರ್ ತೆರೆದು, ಮೇಜೆಲ್ಲ ತಡಕಿದ. “ಬರೆದುಕೊಳ್ಳೋಕೆ ಯಾರಾದ್ರೂ ಒಂದು ಪೆನ್ನು ಕೊಡ್ತೀರಾ?”

ರೈಲಜ್ಜ, ಟೈಲರಕ್ಕ, ಡೋಸಪ್ಪ ಮೂವರೂ ಒಟ್ಟಿಗೆ ಕೈ ಚಾಚಿದರು. ಮೂರು ಪೆನ್ನು ಅವನ ಮೂಗಿನ ಎದುರು ನಿಂತವು. ಜಗಳ ತಟ್ಟನೆ ನಿಂತಿತು. ಯಾರ ಪೆನ್ನು ತೆಗೆದುಕೊಳ್ಳುತ್ತಾನೆಂದು ಮೂವತ್ತು ಜನರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು.